ಓಕಿನುವಿನ ತಲೆಯ ಕಡೆ

ಮೀನುಗಳನ್ನು ಒಳಗೆ ತರುವ ದಿನ ಕಿಯೊನೊ ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ನವೆಂಬರ್ ಕೊನೆ, ಎದುರು ಬೆಟ್ಟದ ನೆತ್ತಿ ಬೆಳ್ಳಗಾದ ಮಾರನೆಯ ಬೆಳಿಗ್ಗೆ, ಎಪ್ಪತ್ತನಾಲ್ಕು ವರ್ಷದ ಆ ಪುಟ್ಟ ಹೆಂಗಸು ಎದೆಯವರೆಗೆ ಬರುವ ರಬ್ಬರ್ ಉಡುಪು ತೊಟ್ಟು ಅಂಗಳದ ಕೊಳಕ್ಕೆ ಇಳಿದಳು. ಆ ಬೆಟ್ಟದ ಊರು ಕುರುಮಿದನಿಯಲ್ಲಿ ಎಲ್ಲರ ಮನೆ ಮುಂದೆಯೂ ಅಂಥದೊಂದು ಕೊಳವಿತ್ತು. ಬೇಸಿಗೆಯಲ್ಲಿ ಚಂದಕ್ಕೆ ಸಾಕುವ ಬಣ್ಣದ ಮೀನಿಗೆ; ಚಳಿಗಾಲದಲ್ಲಿ ಚಾವಣಿಯಿಂದ ಎಳೆದು ಹಾಕಿದ ಹಿಮ ಕರಗುವುದಕ್ಕೆ. ಹಿಮ ಬೀಳುವುದರೊಳಗೆ ಮೀನುಗಳು ಮನೆಯ ಕೆಳ ಅಂತಸ್ತಿನ ಸಿಮೆಂಟ್ ತೊಟ್ಟಿ ಸೇರಿಬಿಡಬೇಕು.

ಸೊಸೆ ನಾಗಿಸ ಎರಡೂವರೆ ವರ್ಷದ ಕೊಹಾರುವನ್ನು ಸೊಂಟಕ್ಕೆ ಒತ್ತಿಕೊಂಡು ಕೊಳದಿಂದ ಹತ್ತು ಹೆಜ್ಜೆ ಆಚೆ ನಿಂತಿದ್ದಳು. ಹತ್ತು ಹೆಜ್ಜೆ ಎಂದರೆ ಹತ್ತೇ. ಗಂಡ, ಮಗುವಿನ ಸಮೇತ ಈ ಮನೆಗೆ ಬಂದು ನೆಲೆಸಿ ಆರು ತಿಂಗಳಾಗಿತ್ತು, ಕೊಳಕ್ಕೆ ಬೇಲಿ ಹಾಕಿಸಿ ಅಂತ ಆಕೆ ಗಂಡನಿಗೆ ಹೇಳಿದ್ದು ಎಷ್ಟು ಸಲವೋ. ಮಗು ಬಿದ್ದರೆ? ಮಗುವಿಗೆ ಶೀತವಾದರೆ? ಹಿಮದಲ್ಲಿ ರಸ್ತೆ ಮುಚ್ಚಿದ ದಿನವೇ ಜ್ವರ ಬಂದರೆ? ಗಂಡ ಮಸಾಟೊ ರಸ್ತೆಯ ಹಿಮ ತಳ್ಳುವ ಗಾಡಿಯ ಚಾಲಕ. ಆದ್ದರಿಂದ ಮೂರನೆಯ ಪ್ರಶ್ನೆಗೆ ಮಾತ್ರ ಅವನ ಹತ್ತಿರ ಉತ್ತರವಿತ್ತು. "ನಾನೇ ರಸ್ತೆ ತೆಗೀತೀನಲ್ಲ, ಮಾರಾಯ್ತಿ!"

ಮೀನುಗಳನ್ನು ಒಂದೊಂದಾಗಿ, ಎರಡೂ ಕಡೆ ಬಾಯಿ ತೆರೆದ ಉದ್ದನೆಯ ಬಟ್ಟೆ ಚೀಲದಲ್ಲಿ, ನೀರಿನ ಸಮೇತ ಎತ್ತುತ್ತಿದ್ದರು. ತಲೆಯ ಕಡೆ ಒಬ್ಬರು, ಬಾಲದ ಕಡೆ ಒಬ್ಬರು. ತಲೆಯ ಕಡೆ ಹಿಡಿದವರು ಮೀನಿನ ಕಣ್ಣಿಗೆ ಅಂಗೈ ಮರೆ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಮೀನು ಎಗರಿದರೆ ಕೈ ಬಿಡಬಾರದು. ಇದ್ದಲ್ಲೇ ಮೊಣಕಾಲೂರಿ ಎದೆಗೆ ಅವಚಿಕೊಳ್ಳಬೇಕು. ಆ ಕಡೆ ಹಿಡಿಯುವುದು ಯಾವಾಗಲೂ ಮನೆಯೊಡತಿ. ಬಾಲ ಯಾರಾದರೂ ಹಿಡಿಯಬಹುದು. ಇವತ್ತು ಮಸಾಟೊ ಹಿಡಿದಿದ್ದ.

ಕೊನೆಗೆ ಉಳಿದವಳು ಓಕಿನು. ಬೆನ್ನು ಬೂದು ನೀಲಿ, ಬಲೆ ಹಾಸಿದ ಹಾಗೆ ಒಂದೊಂದು ಹುರುಪೆಯೂ ಬೇರೆ ಬೇರೆ; ಕೆನ್ನೆ ಕೆಂಪು. ನನ್ನ ಕೈಯಷ್ಟುದ್ದ ಇದ್ದಾಳೆ ಅಂತ ನಾಗಿಸ ಮೊದಲ ದಿನವೇ ಹೆದರಿದ್ದಳು. ಮೂವತ್ತೆರಡು ವರ್ಷ, ಅಂದರೆ ನಾಗಿಸಳಿಗಿಂತ ಒಂದು ವರ್ಷ ದೊಡ್ಡವಳು.

"ಯಾಕೆ ಅತ್ತೆ ಮೀನಿಗೆ ಓಕಿನು ಅಂತ ಹೆಸರು?" ಅಂತ ಒಮ್ಮೆ ಕೇಳಿದ್ದಳು.

"ಅದು ನಮ್ಮತ್ತೆ ಹೆಸರು ಕಣೆ. ಇಬ್ಬರ ಬಾಯೂ ಯಾವಾಗಲೂ ತೆರೆದೇ ಇರ್ತಿತ್ತು. ಈ ಓಕಿನು ಮಾತಾಡಲ್ಲ, ಅದೊಂದೇ ವ್ಯತ್ಯಾಸ."

ಓಕಿನು ತೊಟ್ಟಿ ಸೇರಿದ ಮೇಲೆ ಕಿಯೊನೊ ಮೀನಿನ ಆಹಾರದ ಡಬ್ಬಿಯ ಮುಚ್ಚಳ ಬಿಗಿ ಮಾಡಿ, ಮೇಲಿನ ಅಟ್ಟಣೆಗೆ ತಳ್ಳಿದಳು. "ಮುಗೀತು. ಇನ್ನು ಹಿಮ ಕರಗೋವರೆಗೆ ಒಂದು ಕಾಳೂ ಇಲ್ಲ."

"ಐದು ತಿಂಗಳಾ?" ನಾಗಿಸಳ ಧ್ವನಿ ಮೇಲೇರಿತು. "ಏನೂ ಇಲ್ವಾ?"

"ನೀರಿದೆಯಲ್ಲ."

"ಹಸಿವಾಗಲ್ವಾ ಅತ್ತೆ?"

"ತಣ್ಣೀರಲ್ಲಿ ಅದರ ಹೊಟ್ಟೆ ಮಲಗಿರುತ್ತೆ. ಮಲಗಿದ ಹೊಟ್ಟೆಗೆ ಊಟ ಹಾಕಿದ್ರೆ ಅದು ಅಲ್ಲೇ ಕೊಳೆಯುತ್ತೆ. ಕೊಟ್ಟರೆ ತಿಂದುಬಿಡುತ್ತೆ, ಅದೇ ತೊಂದರೆ. ಬೇಡ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ನಾವು ಹೇಳಬೇಕು."

ಬೇಡ ಅನ್ನುವುದಷ್ಟೇ ಗೊತ್ತಿದ್ದ ಜೀವವೊಂದು ನಾಗಿಸಳ ಸೊಂಟದ ಮೇಲೆ ಕೂತಿತ್ತು. ಕೊಹಾರು ಉಣ್ಣುತ್ತಿರಲಿಲ್ಲ. ಪೇಟೆಯ ಮಕ್ಕಳ ವೈದ್ಯರು ತೂಕ ನೋಡಿ, ಚೆನ್ನಾಗಿದ್ದಾಳೆ, ಸಣ್ಣ ಮೈಕಟ್ಟು ಅಷ್ಟೇ ಎಂದಿದ್ದರು. ನಾಗಿಸ ನಂಬಿರಲಿಲ್ಲ. ಆಕೆಯ ಹತ್ತಿರ ಹಸಿರು ರಟ್ಟಿನ ನೋಟುಬುಕ್ಕಿತ್ತು. ಅನ್ನ ಮೂರು ಚಮಚ, ಮೊಟ್ಟೆ ಕಾಲು, ಉಗುಳಿದ್ದು ಒಂದು ಬಾಯಿ. ಊಟದ ಹೊತ್ತು ಬಂದರೆ ತಾಯಿ ಚಮಚ ಹಿಡಿದು ಕೂರುವುದು, ಮಗುವಿನ ತುಟಿ ಬೀಗ ಹಾಕಿಕೊಳ್ಳುವುದು. ಕಿಯೊನೊ ಎದುರು ಕೂತು ತನ್ನ ಪಾಡಿಗೆ ಅನ್ನ, ಉಪ್ಪಿನಲ್ಲಿ ಹಾಕಿದ ಮೂಲಂಗಿ ಕರಕರ ಅಗಿಯುತ್ತಿದ್ದಳು. ಅವಳು ಏನೂ ಹೇಳುತ್ತಿರಲಿಲ್ಲ. ಏನಾದರೂ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಡಿಸೆಂಬರಿನಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂತು. ಮಸಾಟೊ ನಸುಕಿಗೆ ಮುಂಚೆ ಹೋದರೆ ಬರುವಷ್ಟರಲ್ಲಿ ಕತ್ತಲೆ. ಕಿಯೊನೊ ಬೆಳಿಗ್ಗೆ ರೇಡಿಯೋ ಹಚ್ಚಿ ಕೈ ಕಾಲು ಆಡಿಸಿ, ಚಾವಣಿ ಹತ್ತಿ ಹಿಮವನ್ನು ಕೊಳಕ್ಕೆ ತಳ್ಳುವಳು. ಮದುವೆಯಾಗಿ ಬಂದ ಇಪ್ಪತ್ತೆರಡನೆಯ ವಯಸ್ಸಿನಿಂದ ಅದೇ ಕೆಲಸ. ಆಗ ಗಂಡಸರೆಲ್ಲ ಚಳಿಗಾಲಕ್ಕೆ ಟೋಕಿಯೋಗೆ ಕೂಲಿಗೆ ಹೋಗಿಬಿಡುತ್ತಿದ್ದರು. ಹಿಮ, ಮೀನು, ಅತ್ತೆ ಮೂರೂ ಹೆಂಗಸರ ಪಾಲಿಗೆ. ಗಂಡ ತೀರಿಕೊಂಡು ಏಳು ವರ್ಷವಾಗಿದ್ದರೂ ಅವಳ ದಿನಚರಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅವನಿದ್ದಾಗಲೂ ಚಳಿಗಾಲದಲ್ಲಿ ಅವನು ಇರಲಿಲ್ಲವಲ್ಲ.

ಮೂಲಂಗಿ ತರಲೆಂದು ನಾಗಿಸ ಕೆಳಗಿಳಿಯುವಳು. ತೊಟ್ಟಿಯ ತಳದಲ್ಲಿ ಮೀನುಗಳು ಕಲ್ಲಿನಂತೆ ಒಂದಕ್ಕೊಂದು ಒರಗಿರುತ್ತಿದ್ದವು. ಬೆಟ್ಟದ ನೀರು ಕೊಳವೆಯಿಂದ ಸಣ್ಣಗೆ ಬೀಳುವ ಸದ್ದೊಂದೇ. ಅವಳ ಹೆಜ್ಜೆ ಸಪ್ಪಳಕ್ಕೆ ಓಕಿನು ಒಬ್ಬಳು ಮೆಲ್ಲಗೆ ಮೇಲೆ ಬಂದು ಬಾಯಿ ತೆರೆಯುವಳು. ದುಂಡಗೆ, ಬಿಳುಪಾಗಿ, ಒಳಗೆ ಏನೂ ಇಲ್ಲದೆ.

ಹೊಸ ವರ್ಷದ ನಾಲ್ಕನೆಯ ದಿನ, ಕೊಹಾರು ಮಧ್ಯಾಹ್ನದ ತಟ್ಟೆಯನ್ನು ಪೂರ್ತಿ ಆಚೆ ತಳ್ಳಿದ ಮೇಲೆ, ನಾಗಿಸ ಆ ತಟ್ಟೆ ಹಿಡಿದೇ ಕೆಳಗೆ ಬಂದಳು. ಕಣ್ಣು ತುಂಬಿತ್ತು. ಓಕಿನು ಬಂದು ಬಾಯಿ ತೆರೆದಳು. ನಾಗಿಸ ಒಂದು ಚಮಚ ಅನ್ನ ಹಾಕಿದಳು. ಗುಳುಂ! ಇನ್ನೊಂದು. ಗುಳುಂ! ಎಷ್ಟೋ ತಿಂಗಳಾದ ಮೇಲೆ ತನ್ನ ಕೈಯಿಂದ ಹೋದ ತುತ್ತೊಂದು ಯಾರದೋ ಹೊಟ್ಟೆ ಸೇರಿತ್ತು. ಅವಳ ಭುಜಗಳು ತಾವಾಗಿ ಸಡಿಲವಾದವು. ಅತ್ತೆ ಹೇಳಿದ್ದು ನೆನಪಿರಲಿಲ್ಲ ಎಂದಲ್ಲ. ಚೆನ್ನಾಗಿ ನೆನಪಿತ್ತು. ಇಷ್ಟೇ ಇಷ್ಟಕ್ಕೆ ಏನಾಗುತ್ತೆ ಅಂದುಕೊಂಡಳು. ಮಾರನೆಯ ದಿನವೂ ಅಂದುಕೊಂಡಳು. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟಳು. ಕೊಹಾರುವನ್ನು ಮಲಗಿಸಿ, ತಟ್ಟೆ ಹಿಡಿದು ಇಳಿಯುವ ಆ ಐದು ನಿಮಿಷವೇ ಅವಳ ದಿನದ ಸಮಾಧಾನವಾಯಿತು.

ಜನವರಿ ಇಪ್ಪತ್ತೇಳರ ಬೆಳಿಗ್ಗೆ ಕೆಳಗಿನಿಂದ ಕಿಯೊನೊ ಕೂಗಿದಳು. ಕೂಗುವ ಹೆಂಗಸಲ್ಲ ಅವಳು. ನಾಗಿಸ ಮಗುವನ್ನು ಎತ್ತಿಕೊಂಡು ಓಡಿದಳು.

ಓಕಿನು ನೀರು ಬೀಳುವ ಮೂಲೆಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದಳು. ಹೊಟ್ಟೆ ಉಬ್ಬಿತ್ತು. ಕೆಂಪು ಕೆನ್ನೆ ತೊಳೆದ ಬಟ್ಟೆಯ ಹಾಗೆ ಪೇಲವ. ಬಾಯಿ ಮುಚ್ಚಿತ್ತು. ಕಿಯೊನೊ ತೊಟ್ಟಿಯೊಳಗೆ ನಿಂತು, ಮೀನಿನ ಹೊಟ್ಟೆಯ ಅಡಿಗೆ ಎರಡೂ ಕೈ ಕೊಟ್ಟು ನೆಟ್ಟಗೆ ಹಿಡಿದಿದ್ದಳು. "ಸೈಜಿಗೆ ಫೋನ್ ಮಾಡು" ಎಂದಳು.

ಸೈಜಿ ಪಕ್ಕದ ಮನೆಯವನು, ಅರವತ್ತು ದಾಟಿದವನು, ಮೂರು ತಲೆಮಾರಿನಿಂದ ಮೀನು ಸಾಕುವ ಕುಟುಂಬ. ಹಿಮ ಕೊಡವಿಕೊಳ್ಳುತ್ತ ಬಂದು, ಬೆರಳಲ್ಲಿ ಓಕಿನುವಿನ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿದ.

"ಹೊಟ್ಟೆ ಕಟ್ಟಿದೆ ಅಕ್ಕ. ಯಾರೋ ಊಟ ಹಾಕಿದಾರೆ."

"ಯಾರು ಹಾಕ್ತಾರಯ್ಯ? ನನಗೇನು ಅರಳುಮರಳಾ?"

ಸೈಜಿ ನೀರು ಹೊರಹೋಗುವ ಜಾಲರಿ ಎತ್ತಿ ತಂದ. ಊದಿದ ಅಗುಳು, ಹಳದಿ ಮೊಟ್ಟೆಯ ಚೂರು. "ನೋಡು ನೋಡು, ಹಬ್ಬದೂಟ! ಮೊಟ್ಟೆ ಬೇರೆ. ನಮ್ಮನೇಲಿ ನನಗೇ ಸಿಗಲ್ಲ." ಅವನ ಕಣ್ಣು ಕೊಹಾರುವಿನ ಮೇಲೆ ಬಿತ್ತು. "ಓಹೋ, ಇದು ಈ ಚಿಳ್ಳೆ ಕೆಲಸ. ತಟ್ಟೇಲಿ ಬಿಟ್ಟಿದ್ದೆಲ್ಲ ತಂದು ಇಲ್ಲಿ ಸುರಿದಿದಾಳೆ. ಏನೇ ಕಳ್ಳಿ, ಹೌದಾ?"

ಕೊಹಾರು ತಾಯಿಯ ಕೊರಳಲ್ಲಿ ಮುಖ ಹುದುಗಿಸಿದಳು. ಸೈಜಿ ನಕ್ಕ. ನಾಗಿಸಳಿಗೆ ಕಾಲಡಿಯ ಸಿಮೆಂಟು ತಣ್ಣಗೆ ಕೊರೆಯುತ್ತಿತ್ತು. ಇದು ಇಲ್ಲಿಗೇ ಮುಗಿದುಹೋಗಬಹುದು. ಎರಡೂವರೆ ವರ್ಷದ ಮಗುವನ್ನು ಯಾರು ಬೈಯುತ್ತಾರೆ? ಸೈಜಿ ಕೈ ತೊಳೆದು, ಒರೆಸಿಕೊಂಡು, ಟೋಪಿ ಸರಿಮಾಡಿಕೊಳ್ಳುವವರೆಗೂ ಅವಳು ತುಟಿಪಿಟಕ್ಕೆನ್ನಲಿಲ್ಲ.

ಕಿಯೊನೊ ನೀರಿನಿಂದಲೇ ಮೊಮ್ಮಗಳತ್ತ ನೋಡಿದಳು. "ಹೋಗಲಿ ಬಿಡು ಕಂದಾ. ನಿನಗೆ ಗೊತ್ತಿರಲಿಲ್ಲ."

ಬೈದಿದ್ದರೆ ನಾಗಿಸ ಸಹಿಸಿಕೊಳ್ಳುತ್ತಿದ್ದಳೋ ಏನೋ. ಆ ಕ್ಷಮೆ ಮಾತ್ರ ಸಹಿಸಲಾಗಲಿಲ್ಲ.

"ನನಗೆ ಗೊತ್ತಿತ್ತು, ಅತ್ತೆ" ಎಂದಳು. "ಹಾಕಿದ್ದು ನಾನು."

ಕಿಯೊನೊ ಮೀನಿನಿಂದ ಕೈ ತೆಗೆಯದೆ ತಲೆ ಎತ್ತಿದಳು.

"ಎಷ್ಟು ದಿನದಿಂದ?"

"ನಾಲ್ಕನೇ ತಾರೀಕಿಂದ. ದಿನಾ."

"ಎಷ್ಟೆಷ್ಟು?"

ನಾಗಿಸ ಮೇಲೆ ಓಡಿ ಹಸಿರು ನೋಟುಬುಕ್ಕು ತಂದಳು. ಮಗು ಬಿಟ್ಟದ್ದೆಲ್ಲ ಅದರಲ್ಲಿತ್ತು; ಮಗು ಬಿಟ್ಟದ್ದೇ ಮೀನು ತಿಂದದ್ದು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೊನ್ನೆ ಅನ್ನ ನಾಲ್ಕು ಚಮಚ, ಮೊಟ್ಟೆ ಅರ್ಧ. ಅದರ ಹಿಂದಿನ ದಿನ ಸಿಹಿಗೆಣಸು ಎರಡು ತುಂಡು...

ಸೈಜಿ ಬಾಯಿ ಬಿಟ್ಟುಕೊಂಡು ಕೇಳಿದ. "ಅಕ್ಕಾ, ನಿನ್ನ ಸೊಸೆ ಕೊಲೆನೂ ಲೆಕ್ಕ ಇಟ್ಟು ಮಾಡ್ತಾಳಲ್ಲೇ!" ಆಮೇಲೆ, ತಮಾಷೆ ಅತಿಯಾಯಿತೇನೋ ಎಂದು ಸುಮ್ಮನಾದ. "ವಯಸ್ಸಾಗಿದೆ ಇದಕ್ಕೆ. ನೀನು ಎಷ್ಟೇ ಮಾಡಿದ್ರೂ... ಬಿಟ್ಟುಬಿಡು ಅಂತೀನಿ."

"ನಿನ್ನನ್ನ ಕೇಳಿದೆನಾ?" ಎಂದಳು ಕಿಯೊನೊ.

"ಅತ್ತೆ," ನಾಗಿಸ ನೋಟುಬುಕ್ಕು ಮುಚ್ಚಿದಳು, "ಕೋಪ ಬಂದಿದೆಯಾ?"

"ಬಂದಿದೆ. ಮೊದಲು ಉಪ್ಪು ತಾ."

ಮೂಲೆಯಲ್ಲಿ ನೀಲಿ ಬಣ್ಣದ ಹಳೆಯ ಸ್ನಾನದ ತೊಟ್ಟಿಯೊಂದಿತ್ತು. ಅದರಲ್ಲಿ ಮೂಲಂಗಿ ತೊಳೆಯುತ್ತಿದ್ದರು. ಸೈಜಿ, ನಾಗಿಸ ಸೇರಿ ಅದನ್ನು ಎಳೆದು ಸೀಮೆಎಣ್ಣೆ ಒಲೆಯ ಬಳಿ ಇಟ್ಟರು. ಬೆಟ್ಟದ ನೀರು, ಅಳೆದ ಉಪ್ಪು, ಗುಳ್ಳೆ ಬಿಡುವ ಸಣ್ಣ ಯಂತ್ರ. ಕಿಯೊನೊ ತಲೆಯ ಕಡೆ, ಸೈಜಿ ಬಾಲದ ಕಡೆ ಹಿಡಿದು ಓಕಿನುವನ್ನು ಅದರೊಳಗೆ ಇಳಿಸಿದರು. ನೀರನ್ನು ದಿನಕ್ಕೆ ಒಂದೇ ಡಿಗ್ರಿಯಂತೆ ಬೆಚ್ಚಗೆ ಮಾಡುತ್ತ ಹೋಗಬೇಕು, ಹೊಟ್ಟೆ ಎಚ್ಚರಾಗುವವರೆಗೆ. ಒಂದೇ ಸಲಕ್ಕೆ ಬಿಸಿ ಮಾಡಿದರೆ ಸಾಯುತ್ತೆ. ನೀರು ಕೆಟ್ಟರೂ ಸಾಯುತ್ತೆ.

"ನನಗೆ ಚಾವಣಿ ಕೆಲಸ ಇದೆ," ಕಿಯೊನೊ ಹೇಳಿದಳು. "ಇಲ್ಲಿ ಯಾರಾದ್ರೂ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಒಂದು ಡಿಗ್ರಿ ಹೆಚ್ಚುಕಮ್ಮಿ ಆದರೂ ಗಾಬರಿ ಆಗೋ ಅಂಥೋರು. ನಿನ್ನಷ್ಟು ಚೆನ್ನಾಗಿ ಗಾಬರಿ ಆಗೋರು ಈ ಊರಲ್ಲಿ ಯಾರಿದಾರೆ? ನೀನೇ ಕೂತ್ಕೋ."

ಇದು ಶಿಕ್ಷೆಯೋ ನಂಬಿಕೆಯೋ ನಾಗಿಸಳಿಗೆ ತಿಳಿಯಲಿಲ್ಲ. ಕೂತಳು.

ನೋಟುಬುಕ್ಕಿನಲ್ಲಿ ಹೊಸ ಪುಟ ತೆರೆದಳು. ಬೆಳಿಗ್ಗೆ ಏಳು: ಏಳು ಡಿಗ್ರಿ. ಕಿವಿರು ನಿಮಿಷಕ್ಕೆ ಹದಿನಾರು ಸಲ. ಎಡಕ್ಕೆ ವಾಲಿದೆ. ಎಂಟು ಗಂಟೆ: ಏಳು ಡಿಗ್ರಿ. ಕಿವಿರು ಹದಿನೈದು. ಹದಿನೈದೇ? ಮತ್ತೆ ಎಣಿಸಿದಳು. ಒಲೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು, ಅರ್ಧ ಗೇಣು ಮುಂದಕ್ಕೆ. ಮೂರು ಬಕೆಟ್ ಹಳೆ ನೀರು ಹೊರಗೆ, ಮೂರು ಬಕೆಟ್ ಹೊಸ ನೀರು ಒಳಗೆ. ಮಸಾಟೊ ಸಂಜೆ ಬಂದು ಇಣುಕಿ ನೋಡಿ, ಅವಳ ಬೆನ್ನಿಗೆ ತನ್ನ ದಪ್ಪ ಕೋಟು ಹೊದಿಸಿ ಹೋದ.

ಮೂರನೆಯ ದಿನ ಕಿಯೊನೊ ಹಿಮದ ಬೂಟು ಕಳಚದೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಈ ತೊಟ್ಟೀಲಿ ಇವಳು ಮುಂಚೆನೂ ಇದ್ದಳು, ಗೊತ್ತಾ?"

"ಇದರಲ್ಲಾ?"

"ದೊಡ್ಡ ಭೂಕಂಪದ ವರ್ಷ. ಸಂಜೆ ಅಡುಗೆ ಮಾಡ್ತಿದ್ದೆ. ಮನೆ ಎತ್ತಿ ಕುಕ್ಕಿದ ಹಾಗಾಯ್ತು. ಹೊರಗೆ ಓಡಿ ನೋಡಿದ್ರೆ ಕೊಳ ಬಿರುಕು ಬಿಟ್ಟು ನೀರೆಲ್ಲ ಹೋಗ್ತಾ ಇದೆ. ಮೀನುಗಳು ಕೆಸರಲ್ಲಿ ಪಟಪಟ ಅಂತಿದ್ವು. ನಲವತ್ತೊಂದು ಮೀನು. ಸ್ನಾನಕ್ಕೆ ಅಂತ ತುಂಬಿಸಿದ ನೀರು ಇನ್ನೂ ಕಾಯಿಸಿರಲಿಲ್ಲ. ಕೈಗೆ ಸಿಕ್ಕಿದವಳು ಇವಳು. ಏಪ್ರನ್ನಲ್ಲಿ ಸುತ್ತಿ ತಂದು ಹಾಕಿದೆ. ಎರಡನೇದಕ್ಕೆ ಹೋಗೋಷ್ಟರಲ್ಲಿ ಮತ್ತೆ ನಡುಗ್ತು, ನಮ್ಮವರು ನನ್ನ ಎಳ್ಕೊಂಡು ಹೋದ್ರು." ಕಿಯೊನೊ ನೀರಿಗೆ ಬೆರಳು ಅದ್ದಿ ನೋಡಿದಳು. "ಹೋಗೋಕೆ ಮುಂಚೆ ಬೆಟ್ಟದ ನೀರಿನ ಕೊಳವೆ ತಂದು ತೊಟ್ಟಿಗೆ ಇಟ್ಟೆ. ಹನಿ ಹನಿ ಬೀಳ್ತಿತ್ತು. ಮಾರನೇ ದಿನ ಹೆಲಿಕಾಪ್ಟರ್ ಬಂದು ಊರಿಗೆ ಊರನ್ನೇ ಕೆಳಗೆ ಕರ್ಕೊಂಡು ಹೋಯ್ತು. ಒಂಬತ್ತು ದಿನ ಆದಮೇಲೆ, ಎರಡು ಗಂಟೆ ಹೊತ್ತು ಸಾಮಾನು ತಂದ್ಕೊಳ್ಳಿ ಅಂತ ಬಿಟ್ರು. ಎಲ್ಲರೂ ಬ್ಯಾಂಕಿನ ಪುಸ್ತಕ, ಹಿರಿಯರ ಫೋಟೋ ಅಂತ ಹುಡುಕಿದ್ರೆ, ನಾನು ಬಚ್ಚಲಿಗೆ ಹೋದೆ."

"ಇದ್ದಳಾ?"

"ಇಲ್ಲದೆ ಏನು? ಬಾಯಿ ತೆರೆದಳು."

ನಾಗಿಸ ಒಲೆಯ ಬತ್ತಿಯನ್ನು ಚೂರು ಇಳಿಸಿದಳು.

"ಅವತ್ತು ಗಾಬರಿಯಲ್ಲಿ ಒಂದು ಹಿಡಿ ಊಟ ಹಾಕಿ ಹೋಗಿದ್ರೆ ಇವಳು ಸತ್ತೇ ಹೋಗ್ತಿದ್ದಳು. ಈಟು ನೀರು, ಒಂಬತ್ತು ದಿನ. ತಿಂದಿದ್ರೆ ನೀರು ಕೊಳೀತಿತ್ತು. ಏನೂ ಕೊಡದೆ ಹೋದೆ, ಅದಕ್ಕೇ ಉಳಿದಳು. ಕೈ ಕಟ್ಕೊಂಡು ಇರೋದು ಕಷ್ಟ ಕಣೆ. ಇವಳನ್ನ ಪೇಟೆಯವರ ಕೊಳದಲ್ಲಿ ಬಿಟ್ಟು, ನಾನು ಎರಡು ವರ್ಷ ನಿರಾಶ್ರಿತರ ಕ್ಯಾಂಪಲ್ಲಿ ಕೈ ಕಟ್ಕೊಂಡು ಕೂತು ಕಲಿತೆ." ಎದ್ದು ನಿಂತು ಸೊಂಟ ಒತ್ತಿಕೊಂಡಳು. "ಈಗ ಎಷ್ಟು ಡಿಗ್ರಿ?"

"ಹತ್ತು. ಅಲ್ಲ, ಒಂಬತ್ತೂಮುಕ್ಕಾಲು."

"ನೋಡು, ಅದಕ್ಕೇ ನಿನ್ನ ಕೂರಿಸಿದ್ದು."

ಹೀಗೆ ಆ ದಿನಗಳಲ್ಲಿ ಕೊಹಾರುವಿನ ಊಟ ಕಿಯೊನೊ ಪಾಲಿಗೆ ಹೋಯಿತು. ನಾಗಿಸಳಿಗೆ ಕೆಳಗೆ ಕೂತೇ ಕಿವಿಯೆಲ್ಲ ಮೇಲಿತ್ತು. ಅಳು ಕೇಳಿಸಲಿಲ್ಲ. ಚಮಚದ ಸದ್ದೂ ಇಲ್ಲ. ಐದನೆಯ ದಿನ ತಡೆಯಲಾರದೆ ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ನೋಡಿದಳು. ಕಿಯೊನೊ ಮಗುವಿನತ್ತ ತಿರುಗಿಯೂ ನೋಡದೆ ಕಿಟಕಿಯ ಕಡೆ ಮುಖ ಮಾಡಿ ಮೂಲಂಗಿ ಅಗಿಯುತ್ತಿದ್ದಳು. ಕೊಹಾರು ಅಜ್ಜಿಯ ಬಟ್ಟಲಿಗೆ ಕೈ ಹಾಕಿ, ಉಪ್ಪು ಮೂಲಂಗಿಯ ತುಂಡೊಂದನ್ನು ಕದ್ದು, ಅನ್ನದ ಮುದ್ದೆ ಸಮೇತ ಬಾಯಿಗೆ ತುರುಕಿಕೊಂಡಳು. ಕರಕರ. ಮತ್ತೊಂದು.

ಅಷ್ಟು ಉಪ್ಪು ಮಗುವಿಗೆ ಒಳ್ಳೆಯದಲ್ಲ ಅಂತ ನಾಗಿಸಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡು ಕೆಳಗಿಳಿದು ಓಕಿನುವಿನ ಉಸಿರು ಎಣಿಸಿದಳು. ಹತ್ತೊಂಬತ್ತು.

ಮಾರನೆಯ ದಿನ ಕೊಹಾರು ಏನೂ ತಿನ್ನಲಿಲ್ಲವಂತೆ. ಅದರ ಮಾರನೆಯ ದಿನ ಎರಡು ಬಟ್ಟಲು. ನೋಟುಬುಕ್ಕಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಅದು ಮೀನಿನಿಂದ ತುಂಬಿಹೋಗಿತ್ತು.

ಎಂಟನೆಯ ದಿನ ಓಕಿನು ಪೂರ್ತಿ ಮಗುಚಿಕೊಂಡಳು. ನಾಗಿಸ ತೋಳು ಮುಳುಗಿಸಿ, ಅತ್ತೆ ಅವತ್ತು ಹಿಡಿದಿದ್ದ ಹಾಗೆಯೇ ಹೊಟ್ಟೆಯಡಿ ಕೈ ಕೊಟ್ಟು ನೆಟ್ಟಗೆ ಹಿಡಿದು, ಮಧ್ಯಾಹ್ನದವರೆಗೆ ಬಿಡಲಿಲ್ಲ. "ತಪ್ಪಾಯ್ತು," ಅಂತ ಮೀನಿಗೆ ಹೇಳಿದಳು. "ನನ್ನದೇ ತಪ್ಪು. ಹೋಗಬೇಡ. ಅತ್ತೆಗೆ ಆ ನಲವತ್ತೊಂದರಲ್ಲಿ ಉಳಿದವಳು ನೀನೊಬ್ಬಳು." ತೋಳು ಮರಗಟ್ಟಿ ತನ್ನದಲ್ಲವೆನ್ನಿಸಿತು. ಕಿಯೊನೊ ಬಂದು ನೋಡಿದಳು. ಕೈ ಬದಲಿಸು ಎನ್ನಲಿಲ್ಲ. ಪಕ್ಕದಲ್ಲಿ ಕೂತು, ಬಿಸಿ ಚಹಾದ ಬಟ್ಟಲನ್ನು ಸೊಸೆಯ ತುಟಿಗೆ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು.

ಹನ್ನೆರಡನೆಯ ದಿನ ನೀರು ಹದಿನೆಂಟು ಡಿಗ್ರಿ. ಹತ್ತೂಕಾಲಿಗೆ ಓಕಿನುವಿನ ಬಾಲದ ಕೆಳಗೆ ಕಪ್ಪು ದಾರದಂತೆ ಏನೋ ತೇಲಿತು. ಗೇಣುದ್ದ, ಆಮೇಲೆ ಇನ್ನೊಂದು ಗೇಣು.

"ಅತ್ತೇ!" ಊರಿಗೇ ಕೇಳುವ ಹಾಗೆ ನಾಗಿಸ ಕಿರುಚಿದಳು. "ಅತ್ತೆ, ಕಕ್ಕ ಮಾಡಿದಳು! ಮಾಡಿಬಿಟ್ಟಳು!"

ಕಿಯೊನೊ ಚಾವಣಿಯಿಂದ ಇಳಿದು ಬಂದು ಬಗ್ಗಿ ನೋಡಿದಳು. ಸಲಿಕೆ ಕೆಳಗಿಟ್ಟಳು. ಮೊಣಕೈಗೆ ಮುಖ ಒತ್ತಿಕೊಂಡು ನಿಂತಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡ ನಾಗಿಸ ಹತ್ತಿರ ಹೋದರೆ, ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. "ನಮ್ಮತ್ತೆ ಹಾಸಿಗೆ ಹಿಡಿದಾಗಲೂ ಹೀಗೇ ಕಾದಿದ್ದೆ ಕಣೆ! ಅದೇ ಹೆಸರು, ಅದೇ ಕಷ್ಟ!" ಆಮೇಲೆ ಸೊಸೆಯ ಒದ್ದೆ ಕೈ ಹಿಡಿದುಕೊಂಡು, ನಗು ಇಳಿದ ಮೇಲೂ ಬಿಡಲಿಲ್ಲ. "ನಾನೊಬ್ಬಳೇ ಆಗಿದ್ರೆ ಇವಳು ಉಳೀತಿರಲಿಲ್ಲ" ಎಂದಳು.

"ನಾನು ಇಲ್ಲದಿದ್ದರೆ ಇವಳಿಗೆ ಹೀಗಾಗ್ತಲೇ ಇರಲಿಲ್ಲ, ಅತ್ತೆ."

"ಅದೂ ನಿಜ," ಎಂದಳು ಕಿಯೊನೊ. "ಎರಡೂ ನಿಜ. ಸೈಜಿಗೆ ಫೋನ್ ಮಾಡು, ಬಿಟ್ಟುಬಿಡು ಅಂದಿದ್ದನಲ್ಲ ದೊಡ್ಡಮನುಷ್ಯ."

ನೀರನ್ನು ಮತ್ತೆ ದಿನಕ್ಕೊಂದು ಡಿಗ್ರಿ ಇಳಿಸಿ, ಫೆಬ್ರವರಿ ಮುಗಿಯುವ ಹೊತ್ತಿಗೆ ಓಕಿನು ತನ್ನವರ ಜೊತೆ ತಳ ಸೇರಿದಳು. ನಾಗಿಸ ಮೂಲಂಗಿಗೆ ಇಳಿದಾಗ ಮೇಲೆ ಬಂದು ಬಾಯಿ ತೆರೆಯುವುದನ್ನೇನೂ ಬಿಡಲಿಲ್ಲ. ನಾಗಿಸ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುವಳು. ಕಷ್ಟವೇ. ಆದರೆ ನಿಲ್ಲುವಳು.

ಏಪ್ರಿಲ್ ಕೊನೆಗೆ ಅಂಗಳದ ಹಿಮ ಬೂದುಬಣ್ಣಕ್ಕೆ ತಿರುಗಿ ಕರಗಿ, ಕೊಳದ ನೀರು ಕಾಣಿಸಿಕೊಂಡಿತು. ಕಿಯೊನೊ ರಬ್ಬರ್ ಉಡುಪು ತೊಟ್ಟಳು. ಬಾಲ ಹಿಡಿಯಲು ಸೈಜಿ ಬಂದಿದ್ದ. ನಾಗಿಸ ಎಂದಿನಂತೆ ಮಗುವನ್ನು ಎತ್ತಿಕೊಂಡು ಹತ್ತು ಹೆಜ್ಜೆ ಆಚೆ ನಿಂತಳು. ಚಿಕ್ಕ ಮೀನುಗಳು ಹೋದವು. ಓಕಿನು ಒಬ್ಬಳು ಉಳಿದಾಗ ಕಿಯೊನೊ ಬಂದು ಮಗುವಿಗೆ ಕೈ ಚಾಚಿದಳು.

"ಇಲ್ಲಿ ಕೊಡು ಇದನ್ನ. ನೀನು ತಲೆ ಕಡೆ ಹಿಡಿ."

"ಅಯ್ಯೋ, ನಾನಾ? ಎಗರಿದರೆ?"

"ಎಗರೇ ಎಗರ್ತಾಳೆ. ಏನು ಮಾಡಬೇಕು ಅಂತ ಗೊತ್ತಲ್ಲ."

ಸೈಜಿ ಒಮ್ಮೆ ಕಿಯೊನೊ ಮುಖ, ಒಮ್ಮೆ ನಾಗಿಸ ಮುಖ ನೋಡಿದ. ಈ ಒಂದು ಸಲ ಅವನ ಬಾಯಿಂದ ತಮಾಷೆ ಬರಲಿಲ್ಲ. "ನಡಿಯಮ್ಮ, ಯಜಮಾನತಿ," ಅಂದ, ಗಂಭೀರವಾಗಿ.

ನಾಗಿಸ ಮೀನಿನ ಕಣ್ಣಿಗೆ ಅಂಗೈ ಮರೆ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆದಳು. ಚೀಲದೊಳಗಿನ ಭಾರ ಅವಳಿಗೆ ಪರಿಚಯದ್ದು. ಅದರ ಉಸಿರಿನ ಲೆಕ್ಕವೂ ಪರಿಚಯದ್ದು. ಹೊಸ್ತಿಲು ದಾಟಿ ಬೆಳಕು ಬಿದ್ದದ್ದೇ ಓಕಿನು ಒಮ್ಮೆಲೇ ಮೈ ಝಾಡಿಸಿದಳು. ಸೈಜಿಯ ಕೈ ಜಾರಿತು. ನಾಗಿಸ ಕರಗಿದ ಹಿಮದ ರಾಡಿಯಲ್ಲಿ ಧಬಕ್ಕನೆ ಮೊಣಕಾಲೂರಿ, ಮೀನನ್ನು ಎದೆಗೆ ಅವಚಿಕೊಂಡಳು. ಆ ತಣ್ಣನೆಯ ಮೈ ಅವಳ ಗದ್ದಕ್ಕೆ ಬಡಿಯಿತು, ಮತ್ತೊಮ್ಮೆ ಬಡಿಯಿತು, ಆಮೇಲೆ ಸುಮ್ಮನಾಯಿತು. ಕಿಯೊನೊ ಮೊಮ್ಮಗಳನ್ನೆತ್ತಿಕೊಂಡು ಕೊಳದ ದಂಡೆಯಲ್ಲೇ ನಿಂತಿದ್ದಳು. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

ಸೈಜಿ ಬಾಲ ಹಿಡಿದುಕೊಂಡ. ಇಬ್ಬರೂ ಎದ್ದರು. ಓಕಿನು ನೀರಿಗೆ ಜಾರಿ, ಒಂದು ಸುತ್ತು ಹೊಡೆದು, ನೇರ ನಾಗಿಸಳ ಕಾಲ ಬುಡಕ್ಕೆ ಬಂದು ಬಾಯಿ ತೆರೆದಳು.

"ಮೀನಿಗೆ ಮಮ್ಮು?" ಕೇಳಿದಳು ಕೊಹಾರು.

"ನೀರು ಬೆಚ್ಚಗಾಗಲಿ. ಇನ್ನೂ ಹತ್ತು ದಿನ ಬೇಡ ಕಂದ," ಎಂದಳು ನಾಗಿಸ. ಹೇಳಿ ಅತ್ತೆಯ ಕಡೆ ನೋಡಿದಳು. ಕಿಯೊನೊ ಆಗಲೇ ಮಗುವನ್ನು ದಂಡೆಯ ಕಲ್ಲಿನ ಮೇಲೆ ಇಳಿಸಿ, ಅದರ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು, ನೀರು ತೋರಿಸುತ್ತಿದ್ದಳು.

ನಾಗಿಸಳ ಮೊಣಕಾಲಿನಿಂದ ರಾಡಿ ಇಳಿಯುತ್ತಿತ್ತು. ಗದ್ದ, ಕೊರಳು, ಅಂಗೈ ಎಲ್ಲಕ್ಕೂ ಮೀನಿನ ಲೋಳೆ ಮೆತ್ತಿ, ಹಸಿ ಪಾಚಿಯ ವಾಸನೆ ಹೊಡೆಯುತ್ತಿತ್ತು. ಬೇರೆ ದಿನವಾಗಿದ್ದರೆ ಸೋಪು ಹಿಡಿದು ಮೂರು ಸಲ ತೊಳೆಯುತ್ತಿದ್ದಳು. ಅವತ್ತು ಮಧ್ಯಾಹ್ನದ ಊಟದವರೆಗೂ ತೊಳೆಯಲಿಲ್ಲ.